ಬಾಡಿಗೆ ಮನೆ ಗೀಸರಲ್ಲಿ ಬಿಸಿನೀರು ಬರ್ತಿಲ್ವಾ? ಮೆಕ್ಯಾನಿಕ್‌ಗೆ ಫೋನ್ ಮಾಡೋ ಮುಂಚೆ ಇಷ್ಟು ನೋಡ್ಕೊಳ್ಳಿ

ಚಳಿ ಶುರುವಾಯ್ತು ಅಂದ್ರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರ್ತಾನೇ ಇರತ್ತೆ. ಬಾಡಿಗೆ ಮನೆ, ಗೀಸರ್ ಓನರ್ ಹಾಕ್ಸಿದ್ದು, ಲೈಟ್ ಉರೀತಿದೆ ಆದ್ರೆ ನೀರು ತಣ್ಣಗೇ ಬರ್ತಿದೆ, ಓನರ್‌ಗೆ ಹೇಳಿದ್ರೆ ನೀವೇ ಯಾರನ್ನಾದ್ರೂ ಕರ್ಸಿ ನೋಡಿಸ್ಕೊಳ್ಳಿ ಅಂತಾರೆ, ಮೆಕ್ಯಾನಿಕ್ ಬಂದು ಎರಡು ನಿಮಿಷ ನೋಡಿ ಕಾಯಿಲ್ ಹೋಗಿದೆ ಸಾರ್ ಅಂತಾನೆ, ಇದನ್ನ ನಂಬೋದಾ ಬಿಡೋದಾ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳೋ ಬದ್ಲು ಎಲ್ಲಾ ಒಂದೇ ಕಡೆ ಬರೀತಿದೀನಿ.

ಇದ್ರಲ್ಲಿ ಗೀಸರ್ ಮುಚ್ಚಳ ಬಿಚ್ಚೋ ಕೆಲಸ ಒಂದೂ ಇಲ್ಲ, ಅದು ನಿಮ್ಮ ಕೆಲಸ ಅಲ್ಲ. ಹೊರಗಡೆಯಿಂದ ನೋಡಿನೇ ತೊಂದ್ರೆ ಎಲ್ಲಿದೆ ಅಂತ ಬಹುಪಾಲು ಹೇಳ್ಬೋದು. ಆಮೇಲೆ ಇನ್ನೊಂದು, ಬಾಡಿಗೆ ಮನೆಗಳಲ್ಲಿ ನನ್ನ ಪ್ರಕಾರ ಗೀಸರ್‌ಗಿಂತ ಜಾಸ್ತಿ ಅನುಮಾನ ಪಡ್ಬೇಕಾಗಿರೋದು ಪ್ಲಗ್, ಸಾಕೆಟ್, ಅರ್ತಿಂಗ್ (ಸೋರಿದ ಕರೆಂಟನ್ನ ಭೂಮಿಗೆ ಕಳ್ಸೋ ವೈರ್) ಈ ಮೂರನ್ನ.

ಒಳಗೆ ಏನೇನಿದೆ

ಹೆಸರು ಗೊತ್ತಿದ್ರೆ ಮೆಕ್ಯಾನಿಕ್ ಹತ್ರ ಮಾತಾಡೋದು ಸುಲಭ, ಅದಕ್ಕೆ ಇಷ್ಟು.

ಕಾಯಿಲ್: ಎಲಿಮೆಂಟ್ ಅಂತಾನೂ ಅಂತಾರೆ. ನೀರಲ್ಲಿ ಮುಳುಗಿರೋ ತಾಮ್ರದ ಅಥವಾ ಇಂಕಲಾಯ್ ಅನ್ನೋ ಮಿಶ್ರಲೋಹದ ಕೊಳವೆ, ಅದ್ರೊಳಗೆ ಬಿಸಿಯಾಗೋ ತಂತಿ, ತಂತಿ ಕೊಳವೆಗೆ ತಾಗದೇ ಇರ್ಲಿ ಅಂತ ಮಧ್ಯದಲ್ಲಿ ಬಿಳಿ ಪುಡಿ ತುಂಬಿರ್ತಾರೆ. ಬಕೆಟ್‌ಗೆ ಹಾಕೋ ರಾಡ್ ಕೂಡ ಇದೇ, ಟ್ಯಾಂಕ್ ಇಲ್ಲ ಅಷ್ಟೇ.

ಥರ್ಮೋಸ್ಟಾಟ್: ನೀರು ಇಷ್ಟು ಬಿಸಿ ಆದ್ಮೇಲೆ ಕರೆಂಟ್ ನಿಲ್ಸಿ, ತಣ್ಣಗಾದ್ರೆ ಮತ್ತೆ ಕೊಡೋದು.

ಕಟ್‌ಔಟ್: ಥರ್ಮೋಸ್ಟಾಟ್ ಕೈ ಕೊಟ್ಟು ನೀರು ಮಿತಿಮೀರಿ ಕುದಿಯೋಕೆ ಹೋದ್ರೆ ಪೂರ್ತಿ ಕಡಿಯೋ ಎರಡನೇ ಕಾವಲು.

ಸೇಫ್ಟಿ ವಾಲ್ವ್: ತಣ್ಣೀರು ಒಳಗೆ ಹೋಗೋ ಪೈಪಲ್ಲಿರತ್ತೆ, ಟ್ಯಾಂಕೊಳಗೆ ಒತ್ತಡ ಜಾಸ್ತಿ ಆದ್ರೆ ನೀರು ಹೊರಗೆ ಬಿಡತ್ತೆ, ಬಿಸಿನೀರು ವಾಪಸ್ ತಣ್ಣೀರು ಪೈಪ್‌ಗೆ ಹೋಗದ ಹಾಗೂ ತಡೆಯತ್ತೆ.

ಆನೋಡ್ ರಾಡ್: ಮೆಗ್ನೀಸಿಯಂ ಕಡ್ಡಿ. ಟ್ಯಾಂಕ್ ಬದ್ಲು ತಾನು ಕರಗಿ ಟ್ಯಾಂಕ್‌ಗೆ ತುಕ್ಕು ಹಿಡಿಯೋದನ್ನ ತಡೆಯತ್ತೆ. ಅದು ಪೂರ್ತಿ ಕರಗಿಹೋದ್ರೆ ಟ್ಯಾಂಕ್ ಸರದಿ.

ನಿಮ್ಮ ಹತ್ರ ಬೇಕಾಗಿರೋದು

ಟಾರ್ಚ್, ಬಕೆಟ್, ಟೈಮ್ ನೋಡೋಕೆ ಮತ್ತು ಫೋಟೋ ತೆಗೆಯೋಕೆ ಫೋನ್. ಒಣಗಿದ ಕೈ, ಕಾಲಲ್ಲಿ ರಬ್ಬರ್ ಚಪ್ಪಲಿ. ಸ್ಕ್ರೂಡ್ರೈವರ್ ತರದ ಟೆಸ್ಟರ್ ಇದ್ರೆ ಇರ್ಲಿ, ಇಲ್ಲದಿದ್ರೂ ನಡೆಯತ್ತೆ.

ಈ ನಾಲ್ಕರಲ್ಲಿ ಯಾವ್ದಾದ್ರೂ ಒಂದು ಇದ್ರೆ ಮುಂದೆ ಓದೋದೇ ಬೇಡ, ಮೊದ್ಲು ಮೇನ್ ಬೋರ್ಡಲ್ಲಿ ಗೀಸರ್ ಎಂಸಿಬಿ (ಕರೆಂಟ್ ಮಿತಿಮೀರಿದ್ರೆ ತಾನೇ ಬೀಳೋ ಸ್ವಿಚ್) ಇಳಿಸಿ: ನಲ್ಲಿ ಅಥವಾ ಶವರ್ ಮುಟ್ಟಿದ್ರೆ ಜುಂ ಅನ್ನೋದು, ಸುಟ್ಟ ವಾಸನೆ, ಪ್ಲಗ್ ಕರಗಿರೋದು, ಗೀಸರ್ ಕೆಳಗೆ ವೈರ್ ಹೋಗೋ ಜಾಗದಿಂದ ನೀರು ತೊಟ್ಟಿಕ್ಕೋದು. ಗೀಸರ್ ಸ್ವಿಚ್ ಆಫ್ ಮಾಡಿದ್ರೆ ಸಾಕಲ್ವಾ ಅಂದ್ರೆ ಸಾಕಾಗಲ್ಲ, ಹಳೇ ಮನೆಗಳಲ್ಲಿ ಸ್ವಿಚ್‌ನ ಫೇಸ್ (ಕರೆಂಟ್ ಬರೋ ವೈರ್) ಬದ್ಲು ನ್ಯೂಟ್ರಲ್ (ವಾಪಸ್ ಹೋಗೋ ವೈರ್) ಲೈನಿಗೆ ಹಾಕಿರೋದೂ ಉಂಟು, ಆಗ ಸ್ವಿಚ್ ಆಫ್ ಇದ್ರೂ ಕಾಯಿಲ್‌ನಲ್ಲಿ ಕರೆಂಟ್ ಇದ್ದೇ ಇರತ್ತೆ. ಅದೇ ಕಾರಣಕ್ಕೆ ಬೋರ್ಡಲ್ಲಿ ಯಾವ್ದು ಗೀಸರ್‌ದು ಅಂತ ಬರೆದಿಲ್ಲ ಅಂದ್ರೆ ಮೇನ್ ಸ್ವಿಚ್ಚೇ ಆಫ್ ಮಾಡಿ.

1. ಕರೆಂಟ್ ಗೀಸರ್ ತನಕ ಬರ್ತಿದ್ಯಾ

ಗೀಸರ್‌ನಲ್ಲಿ ಯಾವ ಲೈಟೂ ಇಲ್ಲ ಅಂದ್ರೆ ಇಲ್ಲಿಂದ ಶುರು. ಎಂಸಿಬಿ ಮೇಲಿದ್ಯಾ ನೋಡಿ, ಕೆಲವು ಸಲ ಅರ್ಧಕ್ಕೆ ನಿಂತಿರತ್ತೆ, ಪೂರ್ತಿ ಕೆಳಗೆ ಎಳೆದು ಆಮೇಲೆ ಮೇಲೆ ಮಾಡ್ಬೇಕು. ಬಾತ್‌ರೂಮ್ ಹೊರಗಿರೋ ದೊಡ್ಡ ಸ್ವಿಚ್‌ನ ಪುಟ್ಟ ಲೈಟ್ ಉರೀತಿದ್ಯಾ ನೋಡಿ. ಅದು ಉರಿದು ಗೀಸರ್ ಲೈಟ್ ಇಲ್ಲ ಅಂದ್ರೆ ಬಹಳಷ್ಟು ಸಲ ತೊಂದ್ರೆ ಇರೋದು ಮಧ್ಯದ ಪ್ಲಗ್ ಮತ್ತು ಸಾಕೆಟ್‌ನಲ್ಲಿ.

ಎಂಸಿಬಿ ಇಳಿಸಿ, ಪ್ಲಗ್ ಕಿತ್ತು ಟಾರ್ಚ್ ಹಾಕಿ ನೋಡಿ. ಪಿನ್ ಕಪ್ಪಾಗಿದ್ಯಾ, ಸುತ್ತ ಪ್ಲಾಸ್ಟಿಕ್ ಹಳದಿಯಾಗಿ ಉಬ್ಬಿದ್ಯಾ, ಸಾಕೆಟ್ ತೂತು ಅಗಲ ಆಗಿ ಪ್ಲಗ್ ಅಲ್ಲಾಡ್ತಿತ್ತಾ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 9 ಆಂಪ್ ಎಳೆಯತ್ತೆ, 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಆದ್ರೆ 13 ಆಂಪ್. ಪಿನ್ ಸಡಿಲ ಇದ್ರೆ ಅಷ್ಟು ಕರೆಂಟ್ ಹರಿಯೋವಾಗ ಆ ಜಾಗ ಕಾಯತ್ತೆ, ಕಾದಷ್ಟೂ ಇನ್ನೂ ಸಡಿಲ ಆಗತ್ತೆ, ಕೊನೆಗೆ ಕರಗತ್ತೆ. ಪ್ಲಗ್ ಮಾತ್ರ ಹೊಸದು ಹಾಕ್ಸಿ ಹಳೇ ಸಾಕೆಟ್ ಹಾಗೇ ಬಿಟ್ರೆ ಹೊಸ ಪ್ಲಗ್ಗೂ ಸುಡತ್ತೆ. ಎರಡನ್ನೂ ಒಟ್ಟಿಗೆ ಬದಲಾಯಿಸ್ಬೇಕು, ಅದೂ 16 ಆಂಪಿನ ಪವರ್ ಪಾಯಿಂಟ್‌ದು.

ದಯವಿಟ್ಟು ಮಾಡ್ಬೇಡಿ: 16 ಆಂಪ್ ಪ್ಲಗ್‌ನ 6 ಆಂಪ್ ಸಾಕೆಟ್‌ಗೆ ಕನ್ವರ್ಟರ್ ಹಾಕಿ ಸಿಗಿಸೋದು, ಎಕ್ಸ್‌ಟೆನ್ಶನ್ ಬಾಕ್ಸ್‌ನಲ್ಲಿ ಗೀಸರ್ ಅಥವಾ ರಾಡ್ ಓಡಿಸೋದು. ಮೊಬೈಲ್ ಚಾರ್ಜರ್‌ಗೆ ಅಂತ ಮಾಡಿರೋ ಬಾಕ್ಸ್ ಅದು.

ಈಗ ಟ್ರಿಪ್ ಆಗೋ ವಿಚಾರ. ಬೋರ್ಡಲ್ಲಿ ಎರಡು ತರ ಇರತ್ತೆ ಮತ್ತು ಎರಡನ್ನೂ ಜನ ಟ್ರಿಪ್ಪರ್ ಅಂತಾನೇ ಕರೀತಾರೆ, ಆದ್ರೆ ಯಾವ್ದು ಬಿತ್ತು ಅನ್ನೋದ್ರಲ್ಲೇ ಅರ್ಧ ಉತ್ತರ ಇದೆ. ಎಂಸಿಬಿ ಬೀಳೋದು ಕರೆಂಟ್ ಜಾಸ್ತಿ ಹರಿದಾಗ, ಅಂದ್ರೆ ಶಾರ್ಟ್ ಅಥವಾ ಓವರ್‌ಲೋಡ್. ಆನ್ ಮಾಡಿದ ತಕ್ಷಣ ಟಪ್ ಅಂತ ಬಿದ್ರೆ ಶಾರ್ಟ್. ಹತ್ತು ಹದಿನೈದು ನಿಮಿಷ ಓಡಿ ಬಿದ್ರೆ ಅದೇ ಲೈನಲ್ಲಿ ಇನ್ನೇನೋ ಲೋಡ್ ಇದೆ, ಅಥವಾ ಎಂಸಿಬಿ ಹತ್ರ ವೈರ್ ಲೂಸ್ ಆಗಿ ಕಾಯ್ತಿದೆ, ಅಥವಾ ಎಂಸಿಬಿನೇ ಹಳೇದಾಗಿದೆ. ಇನ್ನೊಂದು, ಮೇಲೆ ಟೆಸ್ಟ್ ಅಂತ ಪುಟ್ಟ ಬಟನ್ ಇರೋದು, ಅದು ಆರ್‌ಸಿಸಿಬಿ, ಹಳಬರು ಇಎಲ್‌ಸಿಬಿ ಅಂತಾರೆ. ಹೋದ ಕರೆಂಟೆಲ್ಲ ವಾಪಸ್ ಬರ್ತಿಲ್ಲ, ಎಲ್ಲೋ ಸೋರ್ತಿದೆ ಅಂತ ಗೊತ್ತಾದ್ರೆ ಅದು ಬೀಳತ್ತೆ. ಮನೆಗೆ ಹಾಕೋದು ಸಾಮಾನ್ಯವಾಗಿ 30 ಮಿಲಿ ಆಂಪ್‌ದು, ಮನುಷ್ಯನ ಜೀವ ಉಳಿಸೋದು ಇದು, ಎಂಸಿಬಿ ಅಲ್ಲ. ಗೀಸರ್ ಹಾಕಿದಾಗ ಮಾತ್ರ ಆರ್‌ಸಿಸಿಬಿ ಬೀಳ್ತಿದೆ ಅಂದ್ರೆ ಕಾಯಿಲ್ ಸೀಳಿ ನೀರಿಗೆ ಕರೆಂಟ್ ಸೋರ್ತಿದೆ ಅಂತಾನೇ ಅಂದ್ಕೊಳ್ಳಿ, ಮತ್ತೆ ಮತ್ತೆ ಎತ್ತಿ ನೋಡೋಕೆ ಹೋಗ್ಬೇಡಿ.

ಇಲ್ಲಿ ಎರಡು ಕೆಟ್ಟ ರಿಪೇರಿಗಳನ್ನ ನೋಡಿದೀನಿ. ಒಂದು, ಎಂಸಿಬಿ ಪದೇ ಪದೇ ಬೀಳತ್ತೆ ಅಂತ 16 ತೆಗೆದು 32 ಹಾಕೋದು, ಗೋಡೆಯೊಳಗಿನ ವೈರ್ ಅದೇ ಹಳೇದು, ಈಗ ಎಂಸಿಬಿ ಬೀಳಲ್ಲ ವೈರ್ ಕಾಯತ್ತೆ. ಎರಡನೇದು ಇನ್ನೂ ಘೋರ, ಆರ್‌ಸಿಸಿಬಿ ಬೀಳ್ಬಾರ್ದು ಅಂತ ಗೀಸರ್‌ನ ಅರ್ತ್ ವೈರ್ ಕತ್ತರಿಸಿ ಬಿಡೋದು. ಸೋರ್ತಿರೋ ಕರೆಂಟ್‌ಗೆ ಭೂಮಿಗೆ ಹೋಗೋ ದಾರಿ ತಪ್ಪಿತು, ಆರ್‌ಸಿಸಿಬಿಗೆ ಸೋರಿಕೆ ಕಾಣಲ್ಲ, ಸುಮ್ಮನಾಗತ್ತೆ, ಆಮೇಲೆ ನೀವು ನಲ್ಲಿ ಮುಟ್ಟಿದಾಗ ನಿಮ್ಮ ಮೂಲಕವೇ ಹರಿಯತ್ತೆ. ಸರಿ ಹೋಯ್ತು ಸಾರ್ ಅಂತ ಹೇಳಿ ದುಡ್ಡೂ ತಗೊಂಡು ಹೋಗಿರ್ತಾರೆ.

2. ಮೀಟರ್ ಹತ್ರ ಹೋಗಿ ಮಿಣುಕು ಎಣಿಸಿ

ಇದು ಯಾರೂ ಮಾಡಲ್ಲ, ಆದ್ರೆ ಖರ್ಚಿಲ್ಲದೆ ಕಾಯಿಲ್ ಬದುಕಿದ್ಯಾ ಸತ್ತಿದ್ಯಾ ಹೇಳೋ ಪರೀಕ್ಷೆ ಇದೊಂದೇ. ಪಾರ್ಕಿಂಗ್‌ನಲ್ಲೋ ಮೆಟ್ಟಿಲ ಕೆಳಗೋ ಸಾಲಾಗಿ ಮೀಟರ್ ಇರತ್ತಲ್ಲ, ಬಿಲ್ ಮೇಲಿನ ಆರ್‌ಆರ್ ನಂಬರ್ ನೋಡಿ ನಿಮ್ಮದು ಯಾವ್ದು ಅಂತ ಗುರುತು ಹಿಡೀರಿ. ಅದ್ರಲ್ಲಿ ಒಂದು ಕೆಂಪು ಲೈಟ್ ಮಿಣುಕ್ತಾ ಇರತ್ತೆ, ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಸಲ ಮಿಣುಕತ್ತೆ ಅಂತ ಬರೆದಿರ್ತಾರೆ, 1600 ಅಥವಾ 3200 ಈ ತರ.

ಮನೇಲಿ ಫ್ರಿಡ್ಜ್ ಸೇರಿ ಎಲ್ಲಾ ಆಫ್ ಮಾಡಿ, ಒಳಗಿನ ನೀರು ತಣ್ಣಗಿರೋವಾಗ ಗೀಸರ್ ಮಾತ್ರ ಆನ್ ಮಾಡಿ. 3200 ಅಂತ ಬರೆದಿರೋ ಮೀಟರ್‌ನಲ್ಲಿ 2000 ವ್ಯಾಟ್ ಗೀಸರ್ ಸೆಕೆಂಡ್‌ಗೆ ಹತ್ತಿರ ಹತ್ತಿರ ಎರಡು ಸಲ ಮಿಣುಕಿಸ್ಬೇಕು, 1600 ಇದ್ರೆ ಸೆಕೆಂಡ್‌ಗೆ ಸುಮಾರು ಒಂದು. ಹಾಗೆ ಪಟಪಟ ಹೊಡೀತಿದ್ರೆ ಕಾಯಿಲ್ ಕರೆಂಟ್ ತಿಂತಿದೆ, ತಿಂತಿದ್ರೆ ನೀರು ಕಾಯಲೇಬೇಕು, ಹಾಗಾಗಿ ತೊಂದ್ರೆ ನೀರಿನ ಕಡೆ ಇದೆ, ನಾಲ್ಕನೇ ಹಂತಕ್ಕೆ ಹೋಗಿ. ಎಲ್ಲೋ ಒಂದು ಸಲ ಮಿಣುಕಿ ಸುಮ್ಮನಾದ್ರೆ ಗೀಸರ್‌ಗೆ ಕರೆಂಟ್ ಹೋದ್ರೂ ಕಾಯಿಲ್‌ನಲ್ಲಿ ಹರೀತಿಲ್ಲ ಅಂತ ಅರ್ಥ. ಒಬ್ಬರು ಮೀಟರ್ ಹತ್ರ ನಿಂತು ಇನ್ನೊಬ್ಬರು ಮೇಲಿಂದ ಫೋನಲ್ಲಿ "ಆನ್ ಮಾಡ್ದೆ, ಆಫ್ ಮಾಡ್ದೆ" ಅಂತ ಹೇಳ್ತಿದ್ರೆ ಚೆನ್ನಾಗಿ ಗೊತ್ತಾಗತ್ತೆ. ವಿಡಿಯೋನೂ ಮಾಡ್ಕೊಳ್ಳಿ, ಓನರ್‌ಗೆ ಕಳ್ಸೋಕೆ ಆಗತ್ತೆ.

3. ಲೈಟ್ ಏನು ಹೇಳ್ತಿದೆ

ಸಾಮಾನ್ಯವಾಗಿ ಎರಡು ಲೈಟ್, ಒಂದು ಕರೆಂಟ್ ಬಂದಿದೆ ಅನ್ನೋದಕ್ಕೆ, ಇನ್ನೊಂದು ಈಗ ಕಾಯಿಸ್ತಿದೀನಿ ಅನ್ನೋದಕ್ಕೆ. ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಬಣ್ಣದ ಮೇಲೆ ಹೋಗ್ಬೇಡಿ, ಪಕ್ಕದ ಬರಹ ನೋಡಿ.

ನೀರು ತಣ್ಣಗಿದೆ, ಪವರ್ ಲೈಟ್ ಇದೆ, ಕಾಯಿಸೋ ಲೈಟ್ ಇಲ್ಲ, ಮೀಟರೂ ಓಡ್ತಿಲ್ಲ: ಥರ್ಮೋಸ್ಟಾಟ್ ಅಥವಾ ಕಟ್‌ಔಟ್ ಕಡೆ ಅನುಮಾನ. ಕಾಯಿಸೋ ಲೈಟ್ ಉರೀತಿದೆ ಆದ್ರೂ ಮೀಟರ್ ಓಡ್ತಿಲ್ಲ: ಬಹುತೇಕ ಕಾಯಿಲ್ ಒಳಗೆ ತುಂಡಾಗಿದೆ, ಅಥವಾ ಅದಕ್ಕೆ ಹೋಗೋ ವೈರ್ ಸುಟ್ಟು ಬಿಟ್ಕೊಂಡಿದೆ. ಲೈಟ್ ಉರೀತಿದೆ ಅಂದ್ರೆ ಗೀಸರ್ ಸರಿ ಇದೆ ಅಂತ ತಿಳ್ಕೊಳ್ಳೋದು ತಪ್ಪು, ಆ ಲೈಟ್ ಕಾಯಿಲ್ ಪಕ್ಕದಲ್ಲಿ ಬೇರೆಯಾಗಿ ಕರೆಂಟ್ ತಗೊಳ್ಳತ್ತೆ, ಕಾಯಿಲ್ ಸತ್ರೂ ಅದು ಉರೀತಾನೇ ಇರತ್ತೆ.

ಕೆಲವು ಗೀಸರ್‌ಗೆ ಕಟ್‌ಔಟ್ ಬಿದ್ರೆ ಒತ್ತೋ ರೀಸೆಟ್ ಬಟನ್ ಇರತ್ತೆ. ಹೊರಗಡೆ ಇದ್ರೆ, ಗೀಸರ್ ಆಫ್ ಮಾಡಿ ತಣ್ಣಗಾಗೋಕೆ ಬಿಟ್ಟು, ಒಂದೇ ಒಂದು ಸಲ ಒತ್ತಿ ನೋಡಿ. ಮುಚ್ಚಳದ ಒಳಗಿದ್ರೆ ಕೈ ಹಾಕ್ಬೇಡಿ. ಒತ್ತಿದ ಮೇಲೆ ಮತ್ತೆ ಬಿತ್ತು ಅಂದ್ರೆ ಥರ್ಮೋಸ್ಟಾಟ್ ಅಂಟ್ಕೊಂಡು ನೀರನ್ನ ಕುದಿಸ್ತಿದೆ ಅಂತ. ಕಟ್‌ಔಟ್‌ನ ಬೈಪಾಸ್ ಮಾಡಿ ಕೊಡ್ತೀನಿ ಅಂತ ಯಾರಾದ್ರೂ ಅಂದ್ರೆ ಅವರನ್ನ ಹಾಗೇ ವಾಪಸ್ ಕಳ್ಸಿ, ಮುಚ್ಚಿದ ಟ್ಯಾಂಕಲ್ಲಿ ನೀರು ಕುದ್ದು ಹಬೆ ಆಗಿ ಸೇಫ್ಟಿ ವಾಲ್ವೂ ಕಟ್ಕೊಂಡಿದ್ರೆ ಟ್ಯಾಂಕ್ ಸಿಡಿಯತ್ತೆ.

4. ಕಾಯಿಸ್ತಿದೆ ಆದ್ರೆ ಬಿಸಿ ಸಾಲ್ತಿಲ್ಲ

ಮೊದ್ಲು ನಿರೀಕ್ಷೆ ಸರಿ ಇದ್ಯಾ ನೋಡಿ. 15 ಲೀಟರ್ ಟ್ಯಾಂಕ್, 2000 ವ್ಯಾಟ್, 20 ಡಿಗ್ರಿ ನೀರು 60ಕ್ಕೆ ಬರೋಕೆ ಇಪ್ಪತ್ತು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿನೇ ಬೇಕು. 25 ಲೀಟರ್ ಆದ್ರೆ 35 ನಿಮಿಷ. ಐದು ನಿಮಿಷ ಹಾಕಿ ಬಿಸಿ ಬಂದಿಲ್ಲ ಅಂದ್ರೆ ಅದು ಗೀಸರ್ ತಪ್ಪಲ್ಲ.

3 ಲೀಟರಿನ ಇನ್‌ಸ್ಟಂಟ್ ಗೀಸರ್ ಇದ್ರೆ ಲೆಕ್ಕ ಬೇರೆ. 3000 ವ್ಯಾಟ್ ಇದ್ರೂ ನಿಮಿಷಕ್ಕೆ 3 ಲೀಟರ್ ಹರಿಯೋ ಹಾಗೆ ನಲ್ಲಿ ಬಿಟ್ರೆ ನೀರಿನ ಬಿಸಿ 14 ಡಿಗ್ರಿ ಅಷ್ಟೇ ಏರೋದು, 20 ಇದ್ದಿದ್ದು 34 ಆಗತ್ತೆ, ಡಿಸೆಂಬರ್‌ನಲ್ಲಿ ಅದು ಬಿಸಿ ಅನ್ಸೋದೇ ಇಲ್ಲ. ನಲ್ಲಿ ಸಣ್ಣಗೆ ಬಿಡಿ, ಅದಕ್ಕಿರೋ ಮದ್ದು ಅದೊಂದೇ. ಓನರ್ ಅಡುಗೆಮನೆ ಸಿಂಕ್‌ಗೆ ಆಗೋ ಗೀಸರ್‌ನ ಬಾತ್‌ರೂಮ್‌ಗೆ ಹಾಕಿರೋದು ಬಹಳ ಮನೆಗಳಲ್ಲಿ ಇದೆ, ಅದನ್ನ ಯಾವ ಮೆಕ್ಯಾನಿಕ್ಕೂ ಸರಿ ಮಾಡೋಕಾಗಲ್ಲ.

ವೋಲ್ಟೇಜ್ ಕಡಿಮೆ ಇದ್ರೂ ಹೀಗೇ. 230 ಇರ್ಬೇಕಾದ ಕಡೆ 200 ಇದ್ರೆ 2000 ವ್ಯಾಟಿನ ಕಾಯಿಲ್ 1500 ವ್ಯಾಟ್‌ನಷ್ಟೇ ಕೆಲಸ ಮಾಡತ್ತೆ. ಮಲೆನಾಡು ಕಡೆ, ಲೈನ್ ಕೊನೇಲಿರೋ ಮನೆಗಳಲ್ಲಿ ಬೆಳಗ್ಗೆ ಎಲ್ಲರೂ ಒಟ್ಟಿಗೆ ಗೀಸರ್ ಹಾಕ್ದಾಗ ಇದು ಮಾಮೂಲಿ. ಫ್ಯಾನ್ ನಿಧಾನ ಆಗ್ತಿದ್ಯಾ, ಬಲ್ಬ್ ಮಂಕಾಗ್ತಿದ್ಯಾ ನೋಡಿ. ಅಕ್ಕಪಕ್ಕದ ಮನೇಲೂ ಹಂಗೇ ಇದ್ರೆ ಕರೆಂಟ್ ಕಂಪನಿಯ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಡಿ. ಕಾಯಿಲ್ ಬದಲಾಯಿಸಿ ಪ್ರಯೋಜನ ಇಲ್ಲ.

ಇನ್ನು ತಣ್ಣೀರು ಬೆರೆಯೋದು. ಬಿಸಿ ತಣ್ಣ ಎರಡೂ ಸೇರೋ ಮಿಕ್ಸರ್ ನಲ್ಲಿಯೊಳಗೆ ವಾಷರ್ ಸವೆದಿದ್ರೆ ಬಿಸಿ ಕಡೆ ತಿರುಗಿಸಿದ್ರೂ ತಣ್ಣೀರು ಬರ್ತಾ ಇರತ್ತೆ. ಗೀಸರ್ ಕೆಳಗೆ ನೀಲಿ ರಿಂಗ್ ಇರೋ ಕಡೆ ತಣ್ಣೀರು ಒಳಗೆ, ಕೆಂಪು ರಿಂಗ್ ಇರೋ ಕಡೆ ಬಿಸಿ ಹೊರಗೆ. ಅರ್ಧ ಗಂಟೆ ಕಾಯಿಸಿ ಆಫ್ ಮಾಡಿ, ಕೆಂಪು ಕಡೆ ಪೈಪ್‌ಗೆ ಕೈ ಹತ್ರ ತಗೊಂಡು ಹೋಗಿ ನೋಡಿ, ಮುಟ್ಟೋಕಾಗದಷ್ಟು ಬಿಸಿ ಇದ್ದು ಶವರಲ್ಲಿ ಬೆಚ್ಚಗೆ ಮಾತ್ರ ಬರ್ತಿದ್ರೆ ಪ್ಲಂಬರ್ ಬೇಕು, ಎಲೆಕ್ಟ್ರಿಷಿಯನ್ ಅಲ್ಲ. ಸಾಧ್ಯ ಇದ್ರೆ ಮಿಕ್ಸರ್‌ನ ತಣ್ಣೀರು ಬರೋ ಆಂಗಲ್ ಕಾಕ್ (ಗೋಡೆ ಹತ್ರ ಇರೋ ಸಣ್ಣ ವಾಲ್ವ್) ಮುಚ್ಚಿ ಇನ್ನೊಂದ್ಸಲ ನೋಡಿ, ಪಕ್ಕಾ ಆಗತ್ತೆ.

ನೀರೇ ಬರ್ತಿಲ್ಲ ಅಂದ್ರೆ: ನೀಲಿ ಕಡೆ ಕಾಕ್ ಮುಚ್ಚಿದ್ಯಾ, ಇತ್ತೀಚೆಗೆ ಓವರ್‌ಹೆಡ್ ಟ್ಯಾಂಕ್ ಖಾಲಿಯಾಗಿತ್ತಾ ಅಥವಾ ತೊಳೆದ್ರಾ, ಆಗ ಪೈಪಲ್ಲಿ ಗಾಳಿ ಕೂತಿರತ್ತೆ. ಗೀಸರ್ ಆಫ್ ಮಾಡಿ ಬಿಸಿನೀರಿನ ನಲ್ಲಿ ಪೂರ್ತಿ ತೆರೆದಿಡಿ, ಬುಸ್ ಬುಸ್ ಅಂತ ಗಾಳಿ ಹೋಗಿ ನೀರು ಒಂದೇ ಸಮ ಬರೋ ತನಕ ಗೀಸರ್ ಹಾಕ್ಬೇಡಿ. ಟ್ಯಾಂಕ್‌ನಲ್ಲಿ ನೀರಿಲ್ಲದೆ ಕಾಯಿಲ್ ಉರಿದ್ರೆ ನಿಮಿಷಗಳಲ್ಲಿ ಹಾಳಾಗತ್ತೆ. ಹೊಸದಾಗಿ ಮನೆಗೆ ಬಂದವರು ಮೊದಲ ದಿನವೇ ಮಾಡೋ ತಪ್ಪು ಇದು, ಎಷ್ಟೋ ದಿನ ಖಾಲಿ ಬಿದ್ದ ಮನೆ, ಸಂಪಲ್ಲೇ ನೀರಿಲ್ಲ, ಗೀಸರ್ ಮಾತ್ರ ಆನ್.

5. ಉಪ್ಪು ನೀರು, ಬಿಳಿ ಪದರ

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಏರಿಯಾದಲ್ಲಿದ್ರೆ ಇದು ಇವತ್ತಲ್ಲ ನಾಳೆ ಬರೋದೇ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾದಾಗ ಕಾಯಿಲ್ ಮೇಲೆ ಸುಣ್ಣದ ಪದರ ಆಗಿ ಕೂರತ್ತೆ. ಪದರ ದಪ್ಪ ಆದಷ್ಟೂ ಬಿಸಿ ನೀರಿಗೆ ಹೋಗೋದು ನಿಧಾನ, ಕಾಯಿಲ್ ಒಳಗೊಳಗೇ ಜಾಸ್ತಿ ಕಾದು ಸೀಳತ್ತೆ. ಗುರುತು: ಕಾಯಿಸೋವಾಗ ಒಳಗಿಂದ ಚಟಪಟ ಸದ್ದು, ಮುಂಚೆಗಿಂತ ಜಾಸ್ತಿ ಹೊತ್ತು, ಶವರ್ ತೂತಲ್ಲಿ ಬಿಳಿ ಕಟ್ಟಿರೋದು, ಬಕೆಟ್ ತಳದಲ್ಲಿ ಬಿಳಿ ಚೂರು.

ಇದಕ್ಕೆ ಸರ್ವಿಸ್ ಮಾಡಿಸ್ಬೇಕು, ಕಾಯಿಲ್ ಬಿಚ್ಚಿ ಕ್ಲೀನ್ ಮಾಡಿ ಟ್ಯಾಂಕ್ ತೊಳೆದು ಆನೋಡ್ ರಾಡ್ ನೋಡ್ತಾರೆ. ಆನೋಡ್ ಸವೆದಿದ್ಯಾ ತೋರ್ಸಿ ಅಂತ ಕೇಳಿ, ಕೇಳಿಲ್ಲ ಅಂದ್ರೆ ಎಷ್ಟೋ ಜನ ನೋಡೋದೇ ಇಲ್ಲ. ನೀವು ಮಾಡ್ಬೋದಾಗಿರೋದು ಒಂದು, ಬಿಸಿ ತಿರುಗಿಸೋ ನಾಬ್‌ನ ಯಾವಾಗ್ಲೂ ಕೊನೇವರೆಗೂ ಇಡೋ ಬದ್ಲು 55ರಿಂದ 60ರ ಹತ್ರ ಇಡೋದು, ಬಿಸಿ ಜಾಸ್ತಿ ಆದಷ್ಟೂ ಪದರ ಬೇಗ ಕೂರತ್ತೆ.

ಸೇಫ್ಟಿ ವಾಲ್ವ್‌ನಿಂದ ಕಾಯಿಸೋವಾಗ ಮಾತ್ರ ನಾಲ್ಕು ಹನಿ ಬಿದ್ರೆ ಗಾಬರಿ ಬೇಡ, ನೀರು ಕಾದು ಹಿಗ್ಗಿ ಹೊರಗೆ ಬರ್ತಿದೆ ಅಷ್ಟೇ. ಹನಿ ಬೀಳತ್ತೆ ಅಂತ ಅದಕ್ಕೆ ಎಂಸೀಲ್ ಮೆತ್ತೋದು ಮಾತ್ರ ಬೇಡ. ಗೀಸರ್ ಮೈಯಿಂದ್ಲೇ ತುಕ್ಕು ನೀರು ಇಳೀತಿದ್ರೆ ಟ್ಯಾಂಕ್ ತೂತಾಗಿದೆ, ಅದಕ್ಕೆ ರಿಪೇರಿ ಇಲ್ಲ, ಹೊಸ ಗೀಸರ್.

6. ಶಾಕ್ ಹೊಡೆದ್ರೆ

ಸ್ವಲ್ಪ ಜುಂ ಅನ್ನತ್ತೆ ಅಷ್ಟೇ, ಅಡ್ಜಸ್ಟ್ ಮಾಡ್ಕೊಂಡಿದೀವಿ ಅನ್ನೋರು ಇದ್ದಾರೆ, ನಂಗೆ ಅದನ್ನ ಕೇಳಿದ್ರೇನೇ ಭಯ. ಒದ್ದೆ ಮೈ, ಬರಿಗಾಲು, ಒದ್ದೆ ನೆಲ, ಇವತ್ತು ಜುಂ ಅಂದಿದ್ದು ನಾಳೆ ಕೈ ಬಿಡಿಸ್ಕೊಳ್ಳೋಕೆ ಆಗದ ಹಾಗೆ ಹಿಡಿಯತ್ತೆ.

ಕಾಯಿಲ್ ಸೋರೋದು ಒಂದು ತಪ್ಪು, ಆ ಕರೆಂಟ್ ಭೂಮಿಗೆ ಹೋಗದೇ ಇರೋದು ಎರಡನೇ ತಪ್ಪು. ಅರ್ತಿಂಗ್ ಸರಿ ಇದ್ದು ಆರ್‌ಸಿಸಿಬಿನೂ ಇದ್ರೆ ಕಾಯಿಲ್ ಸೀಳಿದ ಕೂಡ್ಲೇ ಟ್ರಿಪ್ ಆಗಿ ನಿಮಗೆ ಏನೂ ಆಗ್ತಿರ್ಲಿಲ್ಲ. ಶಾಕ್ ಹೊಡೀತು ಅಂದ್ರೆ ಎರಡೂ ಕೆಟ್ಟಿದೆ ಅಂತಾನೇ ಲೆಕ್ಕ, ಬರೀ ಕಾಯಿಲ್ ಬದಲಾಯಿಸಿ ಕೂರೋ ಹಾಗಿಲ್ಲ. ಮೂರು ಪಿನ್ ಸಾಕೆಟ್‌ನಲ್ಲಿ ಮೇಲಿನ ದಪ್ಪ ತೂತು ಅರ್ತ್‌ದು, ಹಳೇ ವಠಾರಗಳಲ್ಲಿ ಆ ತೂತಿನ ಹಿಂದೆ ವೈರೇ ಇರಲ್ಲ. ಇದ್ರೂ ಅರ್ತ್ ಗುಂಡಿ ಬೇಸಿಗೆಲಿ ಒಣಗಿ ಕೆಲಸ ಮಾಡ್ತಿರಲ್ಲ, ಕಾಂಪೌಂಡ್ ಮೂಲೇಲಿ ಅದರ ಮೇಲೆ ಸಿಮೆಂಟ್ ಹಾಕಿ ಮುಚ್ಚಿರೋದೂ ಉಂಟು.

ಎಲೆಕ್ಟ್ರಿಷಿಯನ್ ಕರ್ಸಿ ಗೀಸರ್ ಪಾಯಿಂಟ್‌ನಲ್ಲಿ ಅರ್ತ್ ಇದ್ಯಾ ಅಂತ ಅಳತೆ ಮಾಡಿಸಿ, ಫೇಸ್ ನ್ಯೂಟ್ರಲ್ ಅದಲು ಬದಲು ಆಗಿದ್ಯಾ ನೋಡೋಕೆ ಹೇಳಿ. ಆರ್‌ಸಿಸಿಬಿ ಇದ್ರೆ ತಿಂಗಳಿಗೊಂದ್ಸಲ ಟೆಸ್ಟ್ ಬಟನ್ ಒತ್ತಿ, ಟಪ್ ಅಂತ ಬೀಳ್ಬೇಕು, ಬೀಳಲಿಲ್ಲ ಅಂದ್ರೆ ಅದು ಇದ್ದೂ ಇಲ್ಲದ ಹಾಗೆ. ಅರ್ತ್ ಇಲ್ಲ ಅಂತ ಕೆಲವರು ಎರಡು ಶಾರ್ಟ್‌ಕಟ್ ಹೇಳ್ತಾರೆ. ಸಾಕೆಟ್ ಒಳಗೇ ನ್ಯೂಟ್ರಲ್‌ನ ಅರ್ತ್ ಪಿನ್‌ಗೆ ಸೇರಿಸಿಬಿಡೋದು ಒಂದು, ಇದ್ರಲ್ಲಿ ಎಲ್ಲಾದ್ರೂ ನ್ಯೂಟ್ರಲ್ ವೈರ್ ಬಿಟ್ಕೊಂಡ್ರೆ ಗೀಸರ್ ಮೈ ಪೂರ್ತಿ 230 ವೋಲ್ಟ್. ನೀರಿನ ಪೈಪಿಗೆ ಅರ್ತ್ ಕಟ್ಟೋದು ಇನ್ನೊಂದು, ಈಗಿನ ಪೈಪೆಲ್ಲ ಪ್ಲಾಸ್ಟಿಕ್, ಕರೆಂಟ್ ಭೂಮಿಗೆ ಹೋಗಲ್ಲ, ನಲ್ಲಿಗೆ ಬಂದು ಕೂರತ್ತೆ. ಎರಡಕ್ಕೂ ಒಪ್ಕೋಬೇಡಿ.

7. ರಿಪೇರಿ ಆಗೋ ತನಕ ರಾಡ್ ತರ್ತೀರಾ

ತಂದೇ ತರ್ತೀರ, ಗೊತ್ತು. ಐಎಸ್‌ಐ ಮಾರ್ಕ್ ಜೊತೆ ಐಎಸ್ 368 ಅಂತ ಇದ್ಯಾ ನೋಡಿ, ಅದು ಈ ಮುಳುಗಿಸೋ ಹೀಟರ್‌ಗಳಿಗೇ ಇರೋ ಸ್ಟ್ಯಾಂಡರ್ಡ್ ನಂಬರ್. 1500 ವ್ಯಾಟ್ ರಾಡ್ 20 ಲೀಟರ್ ಬಕೆಟ್‌ನ ಸ್ನಾನಕ್ಕೆ ಆಗೋಷ್ಟು ಬಿಸಿ ಮಾಡೋಕೆ ಇಪ್ಪತ್ತು ಇಪ್ಪತ್ತೈದು ನಿಮಿಷ, 1000 ವ್ಯಾಟ್ ಆದ್ರೆ ಅರ್ಧ ಗಂಟೆ ಮೇಲೆ.

ಕ್ರಮ ತಪ್ಪಿಸ್ಬೇಡಿ: ಮೊದ್ಲು ಬಕೆಟ್‌ಗೆ ನೀರು, ಆಮೇಲೆ ರಾಡ್, ಗುರುತಿನ ತನಕ ಮುಳುಗಿದ್ಯಾ ನೋಡಿ, ಆಮೇಲೆ ಪ್ಲಗ್, ಕೊನೆಗೆ ಸ್ವಿಚ್. ತೆಗೆಯೋವಾಗ ಸ್ವಿಚ್ ಆಫ್, ಪ್ಲಗ್ ಕಿತ್ತು, ಒಂದರ್ಧ ನಿಮಿಷ ರಾಡ್ ನೀರಲ್ಲೇ ಬಿಟ್ಟು, ಆಮೇಲೆ ತೆಗೀರಿ. ಬಿಸಿ ಆಯ್ತಾ ಅಂತ ಸ್ವಿಚ್ ಆನ್ ಇರೋವಾಗ ಬೆರಳು ಅದ್ದಿ ನೋಡೋದೇ ಪ್ರಾಣ ತೆಗೆಯೋ ಅಭ್ಯಾಸ. ಕಬ್ಬಿಣ, ಸ್ಟೀಲ್ ಬಕೆಟ್ ಬೇಡ, ಪ್ಲಾಸ್ಟಿಕ್‌ದು ಇರ್ಲಿ, ಅಂಚಿಗೆ ರಾಡ್ ತಾಗಿ ಕರಗದ ಹಾಗೆ ಅಡ್ಡ ಮರದ ಕೋಲು ಇಟ್ಟು ನೇತುಹಾಕಿ. ಮಕ್ಕಳಿರೋ ಮನೇಲಿ ಬಾತ್‌ರೂಮ್ ಬಾಗಿಲು ಹಾಕಿ ಚಿಲಕ ಹಾಕ್ಕೊಳ್ಳಿ.

ಬಿಳಿ ಕಟ್ಟಿದ್ರೆ ಪ್ಲಗ್ ಕಿತ್ತು ತಣ್ಣಗಾದ ಮೇಲೆ ವಿನಿಗರ್ ಅಥವಾ ನಿಂಬೆಹುಳಿ ನೀರಲ್ಲಿ ನೆನೆಸಿ ಉಜ್ಜಿದ್ರೆ ಬಿಡತ್ತೆ, ಚಾಕುವಲ್ಲಿ ಕೆರೀಬೇಡಿ. ರಾಡ್ ಮೇಲೆ ಬಿರುಕು, ಉಬ್ಬು, ಹಸಿರು ಕಲೆ ಕಂಡ್ರೆ ಅಥವಾ ಹ್ಯಾಂಡಲ್ ಒಳಗೆ ನೀರು ಹೋಗಿದ್ರೆ ರಿಪೇರಿ ಮಾಡಿಸೋ ವಸ್ತು ಅಲ್ಲ, ಎಸೀರಿ. ಅರ್ತ್ ಇಲ್ಲ ಅಂತ ಗೊತ್ತಾಗಿರೋ ಪಾಯಿಂಟ್‌ನಲ್ಲಂತೂ ರಾಡ್ ಹಾಕೋದೇ ಬೇಡ, ಗ್ಯಾಸ್ ಮೇಲೆ ಒಂದು ಪಾತ್ರೆ ನೀರು ಕಾಯಿಸ್ಕೊಳ್ಳಿ.

8. ಮೆಕ್ಯಾನಿಕ್ ಬಂದಾಗ

ಲೈಟ್ ಹೀಗಿದೆ, ಮೀಟರ್ ಓಡ್ತಿಲ್ಲ, ಆರ್‌ಸಿಸಿಬಿ ಬೀಳಲ್ಲ ಅಂತ ಹೇಳಿದ್ರೆ ಅವರಿಗೂ ಕೆಲಸ ಸುಲಭ, ನಿಮ್ಮನ್ನ ಏಮಾರ್ಸೋದೂ ಕಷ್ಟ. ಕಾಯಿಲ್ ಹೋಗಿದೆ ಅಂದ್ರೆ ಮಲ್ಟಿಮೀಟರ್ (ವೈರ್, ಕಾಯಿಲ್ ಅಳೆದು ನೋಡೋ ಸಾಧನ) ಹಾಕಿ ತೋರ್ಸಿ ಅನ್ನಿ. 2000 ವ್ಯಾಟ್ ಕಾಯಿಲ್‌ನ ಎರಡು ತುದಿ ಮಧ್ಯೆ ಸುಮಾರು 26 ಓಮ್ ಬರ್ಬೇಕು, 3000ದ್ದಾದ್ರೆ 17, 18. ಏನೂ ತೋರಿಸ್ತಿಲ್ಲ ಅಂದ್ರೆ ನಿಜವಾಗ್ಲೂ ತುಂಡಾಗಿದೆ. 26 ತೋರಿಸ್ತಿದ್ದು, ತುದಿಯಿಂದ ಕೊಳವೆ ಮೈಗೆ ಏನೂ ತೋರಿಸ್ತಿಲ್ಲ ಅಂದ್ರೆ ಕಾಯಿಲ್ ಚೆನ್ನಾಗಿದೆ, ಥರ್ಮೋಸ್ಟಾಟ್ ನೋಡ್ಲಿ. ಗೀಸರ್ ಮೇಲಿನ ಸ್ಟಿಕ್ಕರ್ ಫೋಟೋ ತೆಗೆದಿಟ್ಕೊಳ್ಳಿ, ಸೀರಿಯಲ್ ನಂಬರ್ ಮತ್ತು ತಯಾರಾದ ತಿಂಗಳು ಅದ್ರಲ್ಲಿರತ್ತೆ. ವಾರಂಟಿ ಟ್ಯಾಂಕ್‌ಗೆ ಬೇರೆ, ಕಾಯಿಲ್‌ಗೆ ಬೇರೆ, ಮುಗಿದಿದೆ ಅಂತ ನೀವೇ ಅಂದ್ಕೊಳ್ಳೋ ಬದ್ಲು ಕಂಪನಿ ಕಸ್ಟಮರ್ ಕೇರ್‌ಗೆ ಒಂದ್ಸಲ ಕೇಳಿ. ತೆಗೆದ ಹಳೇ ಪಾರ್ಟ್ ಇಟ್ಕೊಳ್ಳಿ, ಓನರ್‌ಗೆ ತೋರ್ಸೋಕೆ ಬೇಕಾಗತ್ತೆ.

9. ದುಡ್ಡು ಯಾರು ಕೊಡೋದು

ಮೊದ್ಲು ನಿಮ್ಮ ಅಗ್ರಿಮೆಂಟ್ ತೆಗೆದು ಓದಿ, ಹನ್ನೊಂದು ತಿಂಗಳದ್ದು ಇರತ್ತಲ್ಲ, ಅದ್ರಲ್ಲಿ ಸಣ್ಣ ರಿಪೇರಿ ಬಾಡಿಗೆದಾರರದ್ದು ಅಂತ ಒಂದು ಸಾಲು ಇದ್ದೇ ಇರತ್ತೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ಪ್ರಕಾರವೂ ಬೇರೆ ಒಪ್ಪಂದ ಇಲ್ಲದಿದ್ರೆ ಗೀಸರ್ ರಿಪೇರಿ, ಸ್ವಿಚ್ ಸಾಕೆಟ್ ರಿಪೇರಿ ಬಾಡಿಗೆದಾರರ ಪಾಲಿಗೆ, ಒಳಗಿನ ಹೊರಗಿನ ವೈರಿಂಗ್ ಮತ್ತು ಪೈಪ್ ಬದಲಾವಣೆ ಓನರ್ ಪಾಲಿಗೆ ಬರತ್ತೆ. ಅದು ಮಾದರಿ ಅಷ್ಟೇ, ರಾಜ್ಯಗಳು ತಮ್ಮ ಕಾನೂನು ಮಾಡ್ಕೋಬೇಕು, ಆದ್ರೂ ಮಾತಾಡೋಕೆ ಕೂತಾಗ ಒಂದು ಅಳತೆ ಇದ್ದ ಹಾಗಾಗತ್ತೆ. ನನ್ನ ಕೇಳಿದ್ರೆ ಕಾಯಿಲ್, ಥರ್ಮೋಸ್ಟಾಟ್, ಪ್ಲಗ್ ಇಂಥದ್ದಕ್ಕೆ ಜಗಳ ಆಡೋಕೆ ಹೋಗಲ್ಲ, ಟ್ಯಾಂಕ್ ತೂತು, ಅರ್ತಿಂಗ್, ಆರ್‌ಸಿಸಿಬಿ ಮಾತ್ರ ಓನರ್ ಮಾಡಿಸ್ಲೇಬೇಕು ಅಂತ ಪಟ್ಟು ಹಿಡೀತೀನಿ.

ಫೋನಲ್ಲಿ ಮಾತಾಡಿದ್ದು ಮರೆತುಹೋಗತ್ತೆ, ಹಾಗಾಗಿ ವಾಟ್ಸಾಪ್‌ನಲ್ಲಿ ಹಾಕಿ. "ಅಂಕಲ್, ಬಾತ್‌ರೂಮಿನ ನಲ್ಲಿ ಮುಟ್ಟಿದ್ರೆ ಶಾಕ್ ಹೊಡೀತಿದೆ, ಎಲೆಕ್ಟ್ರಿಷಿಯನ್ ಅರ್ತ್ ಇಲ್ಲ ಅಂತಿದ್ದಾರೆ, ಫೋಟೋ ಹಾಕಿದೀನಿ, ನೀವು ಯಾರನ್ನಾದ್ರೂ ಕಳಿಸ್ತೀರಾ ಇಲ್ಲಾ ನಾವೇ ಮಾಡ್ಸಿ ಬಾಡಿಗೇಲಿ ಕಳೀಬೇಕಾ ಹೇಳಿ" ಅಂತ ನೇರವಾಗಿ ಕೇಳಿ. ಒಪ್ಪಿಗೆ ಬರೋ ಮುಂಚೆ ದುಡ್ಡು ಹಾಕಿ ಆಮೇಲೆ ಕಳೀರಿ ಅಂದ್ರೆ ಕೊಡೋರು ಕಡಿಮೆ.

ಗೃಹಜ್ಯೋತಿ ಇರೋರು ಇನ್ನೊಂದು ಗಮನಿಸಿ, ಥರ್ಮೋಸ್ಟಾಟ್ ಕೆಟ್ಟು ಅಥವಾ ಗೀಸರ್ ಆಫ್ ಮಾಡೋಕೆ ಮರೆತು ತಿಂಗಳ ಬಳಕೆ 200 ಯೂನಿಟ್ ದಾಟಿದ್ರೆ ದಾಟಿದ ಯೂನಿಟ್‌ಗಲ್ಲ, ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ. 2000 ವ್ಯಾಟಿನ ಕಾಯಿಲ್ ಬಿಡದೆ ಓಡಿದ್ರೆ ಅರ್ಧ ಗಂಟೆಗೆ ಒಂದು ಯೂನಿಟ್.

ಇಷ್ಟೆಲ್ಲಾ ಆಗಿ ಓನರ್ ಕೈ ಎತ್ತಿದ್ರು, ನಿಮ್ಮ ದುಡ್ಡಲ್ಲೇ ಹೊಸ ಗೀಸರ್ ಹಾಕ್ಕೊಳ್ತೀರ ಅಂದ್ರೆ ಮೂರು ಕೆಲಸ ಮಾಡಿ. ಇದು ನಮ್ಮದು, ಹೋಗೋವಾಗ ತಗೊಂಡು ಹೋಗ್ತೀವಿ ಅಂತ ಮೆಸೇಜ್ ಹಾಕಿ ಸರಿ ಅನ್ನಿಸ್ಕೊಳ್ಳಿ. ಆದಷ್ಟೂ ಹಳೇ ಗೀಸರ್ ಇದ್ದ ತೂತುಗಳಿಗೇ ಹೊಂದೋ ಅಳತೇದು ನೋಡಿ, ಟೈಲ್ಸ್‌ಗೆ ಹೊಸ ತೂತು ಹೊಡೆದ್ರೆ ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ತಾರೆ. ಬಿಚ್ಚಿದ ಹಳೇ ಗೀಸರ್‌ನ ಗುಜರಿಗೆ ಹಾಕ್ಬೇಡಿ, ಅದು ಓನರ್ ವಸ್ತು, ಅವರ ಕೈಗೇ ಕೊಟ್ಟು ಒಂದು ಫೋಟೋ ತೆಗೆದಿಟ್ಕೊಳ್ಳಿ.